ಬಳ್ಳಾರಿ ಮಠದ ಮಕ್ಕಳು ನಿಜವಾಗಿ ಓದಿದ್ದೇನು?

‘ಕ್ಲಾಸಿಕಲ್ ಎಜುಕೇಶನ್’ ಅನ್ನೋದು ಈಗ ಹೊಸ ಹುಚ್ಚು. ಬೆಂಗಳೂರಲ್ಲಿರೋ ನನ್ನ ತಂಗಿಯ ಗೆಳತಿಯರ ಪೈಕಿ ಇಬ್ಬರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದಾರೆ. ಒಬ್ಬಾಕೆಯದು ಯುರೋಪಿನ ಹಳೇ ಪಟ್ಟಿ. ಮೊದಲು ವ್ಯಾಕರಣ, ತರ್ಕ, ಮಾತುಗಾರಿಕೆ. ಆಮೇಲೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಇನ್ನೊಬ್ಬಾಕೆಗೆ ಗುರುಕುಲವೇ ಆಗಬೇಕು. ಶ್ಲೋಕ, ಯೋಗ, ಅರವತ್ನಾಲ್ಕು ಕಲೆ. ವಾಟ್ಸಾಪ್‌ನಲ್ಲಿ ಬರೋ ಪಟ್ಟಿಗಳನ್ನು ನಂಬಿದರೆ, ನಮ್ಮ ಮುತ್ತಜ್ಜಂದಿರು ಎಂಟನೇ ವಯಸ್ಸಿಗೇ ಬೆಳಿಗ್ಗೆ ಗ್ರಹಣ ಲೆಕ್ಕ ಹಾಕಿ, ಒಂದು ವೈದ್ಯ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರ್ತಿದ್ದರು! ಆಮೇಲೆ ಮೆಕಾಲೆ ಅನ್ನೋ ಬ್ರಿಟಿಷ್ ಅಧಿಕಾರಿ ಬಂದು ಅದನ್ನೆಲ್ಲ ಹಾಳು ಮಾಡಿದ ಅಂತಲೂ ಇವರು ಹೇಳ್ತಾರೆ.

ಇದಕ್ಕೆ ಎದುರು ಪಾರ್ಟಿಯೂ ಇದೆ. ಹಿಂದೆ ನಮ್ಮಲ್ಲಿ ಶಾಲೆಯೇ ಇರಲಿಲ್ಲ, ಇದ್ದರೂ ಬ್ರಾಹ್ಮಣರ ಮಕ್ಕಳಿಗೆ ಮಾತ್ರ, ಬ್ರಿಟಿಷರು ಬಂದ ಮೇಲೇ ಎಲ್ಲ ಶುರುವಾಗಿದ್ದು ಅಂತ ಇವರು ಹೇಳ್ತಾರೆ.

ಈ ಜಗಳಕ್ಕೆ ಕೂರುವ ಮೊದಲು ಎರಡೂ ಕಡೆಯವರು ಒಂದು ಕಾಗದ ಓದಬೇಕು ಅನ್ನೋದು ನನ್ನ ಆಸೆ. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ, ಪ್ರತಿ ಜಿಲ್ಲೆಯಲ್ಲೂ ಎಷ್ಟು ಶಾಲೆ ಇದೆ, ಯಾರು ಓದ್ತಾರೆ, ಏನು ಓದ್ತಾರೆ ಅಂತ ಕಲೆಕ್ಟರುಗಳನ್ನು ಕೇಳಿದ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ಬಾಕಿ ಕಲೆಕ್ಟರುಗಳಲ್ಲಿ ಹಲವರು ಅಂಕಿ ತುಂಬಿ ಕೈತೊಳೆದುಕೊಂಡರೆ, ಇವನು ಮಠದೊಳಗೆ (ಊರ ಶಾಲೆಗೆ ಆಗ ಮಠ ಅಂತಿದ್ದರು) ಏನು ನಡೆಯುತ್ತೆ ಅನ್ನೋದನ್ನೂ ವಿವರವಾಗಿ ಬರೆದಿಟ್ಟ. 1983ರಲ್ಲಿ ಇತಿಹಾಸಕಾರ ಧರಂಪಾಲ್ ಈ ವರದಿಗಳನ್ನೆಲ್ಲ ಒಟ್ಟು ಮಾಡಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಆಮೇಲೆ ಅದರ ಹೆಸರು ಹೇಳೋರು ಜಾಸ್ತಿಯಾದರು. ಓದಿದೋರು ಅಷ್ಟು ಜನ ಕಾಣಲಿಲ್ಲ.

ಅಂಕಿ ಮೊದಲು ಮುಗಿಸಿಬಿಡೋಣ. ಜಿಲ್ಲೆಯ ಜನ 9,27,857. ಶಾಲೆಗಳು 533. ಮಕ್ಕಳು 6,641. ಅಂದರೆ ಸಾವಿರ ಜನಕ್ಕೆ ಏಳು ಮಕ್ಕಳೂ ಇಲ್ಲ. ಕನ್ನಡ ಶಾಲೆ 235, ತೆಲುಗು 226 (ಆಗ ಅನಂತಪುರದ ಕಡೆಯೂ ಬಳ್ಳಾರಿಗೇ ಸೇರಿತ್ತು), ಮರಾಠಿ 23, ಪರ್ಷಿಯನ್ 21, ತಮಿಳು 4. ಇಂಗ್ಲಿಷ್ ಒಂದೇ ಒಂದು. ವೇದಾಂತ, ಜ್ಯೋತಿಷ, ತರ್ಕ, ಧರ್ಮಶಾಸ್ತ್ರವನ್ನು ಸಂಸ್ಕೃತದಲ್ಲಿ ಹೇಳಿಕೊಡುವ ಜಾಗಗಳು 23. ಅಲ್ಲಿ ಬ್ರಾಹ್ಮಣರಿಗೆ ಮಾತ್ರ ಪ್ರವೇಶ. ಹಾಗಂತ ಬಾಕಿ ಮಠಗಳು ಹಾಗಿರಲಿಲ್ಲ. ಬ್ರಾಹ್ಮಣ ಹುಡುಗರು 1,185 ಇದ್ದರೆ, ಕ್ಯಾಂಪ್‌ಬೆಲ್ ‘ಶೂದ್ರ’ ಅಂತ ಬರೆದ ಕಾಲಮ್ಮಿನಲ್ಲಿ 2,998 ಹುಡುಗರಿದ್ದಾರೆ. ಇಷ್ಟು ನೋಡಿದರೆ ಸಾಕು, ಎರಡೂ ಪಾರ್ಟಿಯವರ ಬಾಯಿ ಸ್ವಲ್ಪ ಕಟ್ಟುತ್ತೆ.

ಈಗ ಮಠದ ಒಳಗೆ ಹೋಗೋಣ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೀತಾರೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ‘ಸರಸ್ವತಿ’ ಅಂತ ಬರೀತಾರೆ. ಎರಡನೆಯವನ ಕೈಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ ಅಂತ ಅದರ ಅರ್ಥ. ಮೂರನೆಯವನಿಗೆ ಮೆಲ್ಲಗೆ ಒಂದೇಟು. ನಾಲ್ಕನೆಯವನಿಗೆ ಎರಡು. ಹೀಗೆ ಲೇಟಾದಷ್ಟೂ ಏಟು ಏರುತ್ತಾ ಹೋಗುತ್ತೆ. ಕೊನೆಯವನ ಗತಿ ನೀವೇ ಊಹಿಸಿಕೊಳ್ಳಿ.

ಅಕ್ಷರ ಕಲಿಯೋದು ಮರಳಿನ ಮೇಲೆ, ಬೆರಳಲ್ಲಿ. ಬಾಯಲ್ಲಿ ಹೇಳಿಸಿ ಆಮೇಲೆ ಬರೆಸೋದಲ್ಲ, ಶುರುವೇ ಬರೆಯೋದರಿಂದ. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಅಂದರೆ ಮೂರಡಿ ಉದ್ದ, ಒಂದಡಿ ಅಗಲದ ನಯ ಮಾಡಿದ ಮರದ ತುಂಡು. ಅದಕ್ಕೆ ಅನ್ನ, ಇದ್ದಿಲ ಪುಡಿ ಸವರಿದರೆ ಆಯ್ತು. ಕಡತ ಅಂದರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದ ಹಾಗೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಬರೆಯೋಕೆ ಬಳಪ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದು. ಖರ್ಚು ಬಹಳ ಕಮ್ಮಿ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡ್ತಿದ್ದರು, ಹಾಗೆ ಹೇಳಿಕೊಡುವಾಗ ತಮ್ಮದನ್ನೂ ಗಟ್ಟಿ ಮಾಡಿಕೊಳ್ತಿದ್ದರು. ಈ ಎರಡನ್ನೂ ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳಿದ್ದಾನೆ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗೇ ಇದೆ ಅಂತಲೂ ಬರೆದಿದ್ದಾನೆ. ಮದ್ರಾಸಿನ ಎಗ್ಮೋರಿನಲ್ಲಿದ್ದ ಆಂಡ್ರ್ಯೂ ಬೆಲ್ ಇದೇ ಪದ್ಧತಿಯನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ 1797ರಲ್ಲಿ ಪುಸ್ತಕವನ್ನೇ ಬರೆದಿದ್ದ. ಅಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಅಂತಲೇ ಹೆಸರಾಯಿತು.

ಅಕ್ಷರ, ಕಾಗುಣಿತ, ಒತ್ತಕ್ಷರ ಆದ ಮೇಲೆ ಜನರ ಹೆಸರು, ಊರ ಹೆಸರು, ಪ್ರಾಣಿಗಳ ಹೆಸರು ಬರೆಸ್ತಾರೆ. ಆಮೇಲೆ ಲೆಕ್ಕ. ನನಗೆ ಬಹಳ ಇಷ್ಟವಾದ ಭಾಗ ಇದು. ಕೂಡಿಸೋದು, ಕಳೆಯೋದು, ಗುಣಿಸೋದು, ಎಲ್ಲ ದುಡ್ಡಿನ ಲೆಕ್ಕದಲ್ಲೇ. ಭಿನ್ನರಾಶಿ ನಮ್ಮ ಈಗಿನ ದಶಮಾಂಶದ ಹಾಗೆ ಹತ್ತರಲ್ಲಿ ಇಳಿಯೋದಿಲ್ಲ, ನಾಲ್ಕರಲ್ಲಿ ಇಳಿಯುತ್ತೆ. ಒಂದರಲ್ಲಿ ನಾಲ್ಕನೇ ಒಂದು ಪಾಲು ಕಾಲು. ಕಾಲಿನ ಕಾಲು ವೀಸ. ವೀಸದ ಕಾಲು ಕಾಲುವೀಸ. ಅಳತೆ, ತೂಕ, ಮಗ್ಗಿ, ಈ ಭಿನ್ನರಾಶಿ ಎಲ್ಲವನ್ನೂ ದಿನಕ್ಕೆ ಎರಡು ಸಲ ಸಾಲಾಗಿ ನಿಂತು ಒಟ್ಟಿಗೆ ಹೇಳಬೇಕು.

ಇದು ಸುಮ್ನೆ ಉರು ಹೊಡೆಯೋದು ಅಂತ ನಗಬೇಡಿ. ನಮ್ಮ ತಾತ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಕಲಿತವರು. ನೂರು ರೂಪಾಯಿಗೆ ತಿಂಗಳಿಗೆ ಒಂದೂಕಾಲು ಬಡ್ಡಿ, ಮೂರೂವರೆ ತಿಂಗಳಿಗೆ ಎಷ್ಟಾಯ್ತು ತಾತ ಅಂದರೆ, ಅಡಿಕೆ ಕತ್ತರಿಸುತ್ತಲೇ ಹೇಳೋರು. “ಮೂರೂವರೆ ರೂಪಾಯಿ ಅಂದ್ರೆ ಐವತ್ತಾರಾಣೆ. ಅದರ ಕಾಲು ಹದಿನಾಲ್ಕಾಣೆ. ಎರಡೂ ಸೇರಿ ನಾಲ್ಕು ರೂಪಾಯಿ ಆರಾಣೆ ಕಣಮ್ಮ.” ಬೇಕಾದರೆ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿ. 4.375 ಬರುತ್ತೆ. ರೂಪಾಯಿಗೆ ಹದಿನಾರಾಣೆ, ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಪೇಟೆ ಪೂರ್ತಿ ನಾಲ್ಕರಲ್ಲಿ ನಡೀತಿತ್ತು, ಮಠವೂ ನಾಲ್ಕರಲ್ಲಿ ಕಲಿಸ್ತಿತ್ತು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು, ಅದರ ಹಿಂದೆಯೇ ಕಿಲೋ, ಲೀಟರ್, ಮೀಟರ್ ಬಂದವು. ಕಾಲು ಮಗ್ಗಿಯ ಕೆಲಸ ಅಲ್ಲಿಗೆ ಮುಗೀತು. ಅದನ್ನು ಯಾವ ಮೆಕಾಲೆಯೂ ಬಂದು ಕಸಿದುಕೊಂಡು ಹೋಗಲಿಲ್ಲ.

ಲೆಕ್ಕದ ನಂತರದ ವಿಷಯ ಯಾವ ವಾಟ್ಸಾಪ್ ಪಟ್ಟಿಯಲ್ಲೂ ಬರೋದಿಲ್ಲ. ಬೇರೆ ಬೇರೆಯವರ ಕೈಬರಹ ಓದೋದು! ಮೇಷ್ಟ್ರು ಎಲ್ಲೆಲ್ಲಿಂದಲೋ ಸರ್ಕಾರಿ ಕಾಗದ, ಖಾಸಗಿ ಓಲೆ ಸಂಪಾದಿಸಿ ತರ್ತಿದ್ದರು. ಮಕ್ಕಳು ಅದನ್ನು ಬಿಡಿಸಿ ಓದಬೇಕು. ಜೊತೆಗೆ ಸಾಮಾನ್ಯ ಪತ್ರ ಬರೆಯೋದು, ಕರಾರು ಪತ್ರ ಬರೆಯೋದು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಇದನ್ನು ಓದಿದಾಗ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಬೇಕು ಅನಿಸಿತು. ಮೊನ್ನೆ ಒಬ್ಬ ಹುಡುಗ ಬಂದಿದ್ದ, ಡಿಗ್ರಿ ಮುಗಿಸಿದವನು. ಖಾತೆಗೆ ಸೇರಿಸಿದ ಮೊಬೈಲ್ ನಂಬರ್ ಬದಲಾಯಿಸಬೇಕಿತ್ತು. “ಒಂದು ಅರ್ಜಿ ಬರ್ಕೊಡಪ್ಪ” ಅಂದೆ. “ಮೇಡಂ, ಫಾರ್ಮ್ಯಾಟ್ ಇದ್ರೆ ಕೊಡಿ” ಅಂದ. “ಫಾರ್ಮ್ಯಾಟ್ ಏನೂ ಬೇಡ. ನೀನು ಯಾರು, ಏನು ಬೇಕು, ಅಷ್ಟು ಬರಿ” ಅಂದೆ. ಹತ್ತು ನಿಮಿಷ ಪೆನ್ನು ಹಿಡ್ಕೊಂಡು ನಿಂತ, ಆಮೇಲೆ ಮೊಬೈಲ್ ತೆಗೆದು ಯಾರದೋ ಅರ್ಜಿ ನೋಡಿ ಇಳಿಸಿದ. ರಜೆ ಕೇಳೋ ಅರ್ಜಿ ಅದು. ‘ನನಗೆ ಜ್ವರ ಬಂದಿರುವ ಕಾರಣ’ ಅನ್ನೋದೂ ಹಾಗೇ ಬಂದುಬಿಟ್ಟಿತ್ತು! ದಡ್ಡನಲ್ಲ ಪಾಪ, ಚುರುಕು ಹುಡುಗ. ಹದಿನೈದು ವರ್ಷ ಓದಿಸಿದ ನಾವು ಅವನಿಗೆ ಇದೊಂದನ್ನು ಕಲಿಸಲಿಲ್ಲ, ಅಷ್ಟೇ.

ಇನ್ನೊಮ್ಮೆ ಜಮೀನಿನ ಸಾಲಕ್ಕೆ ಹಳೇ ಕ್ರಯಪತ್ರ ಬಂತು. ಅಕ್ಷರ ಬಿಡಿಸದೆ ಒಂದೇ ಓಟದಲ್ಲಿ ಬರೆದ ಕೈ. ನಮಗ್ಯಾರಿಗೂ ಚೆಕ್ಕುಬಂದಿ ಓದೋಕಾಗಲಿಲ್ಲ, ವಕೀಲರಿಗೂ ಆಗಲಿಲ್ಲ. ಕೊನೆಗೆ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂರುತ್ತಿದ್ದ ವಯಸ್ಸಾದ ಪತ್ರ ಬರಹಗಾರರನ್ನು ಕರೆಸಬೇಕಾಯಿತು. ಅವರು ಪತ್ರವನ್ನು ಕಿಟಕಿ ಬೆಳಕಿಗೆ ಹಿಡಿದು, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿ ದಾರಿ ಅಂತ ಬ್ಯಾನರ್ ಓದಿದ ಹಾಗೆ ಸರಾಗವಾಗಿ ಓದಿಬಿಟ್ಟರು. ಇನ್ನೂರು ವರ್ಷದ ಹಿಂದೆ ಮಠದ ಹುಡುಗರಿಗೆ ದಿನಾ ಇದೇ ಅಭ್ಯಾಸ.

ಕಾವ್ಯಕ್ಕೆ ಬರೋಣ. ರಾಮಾಯಣ, ಮಹಾಭಾರತ, ಭಾಗವತ ಎಲ್ಲ ಜಾತಿಯ ಮಕ್ಕಳಿಗೂ ಇತ್ತು. ಅದರ ಮೇಲೆ ಅವರವರ ಮತದ ಪುಸ್ತಕಗಳು. ಲಿಂಗಾಯತರ ಮಕ್ಕಳಿಗೆ ಬಸವಪುರಾಣ, ಚೆನ್ನಬಸವ ಪುರಾಣ, ಗಿರಿಜಾಕಲ್ಯಾಣ. ಕಸುಬಿನವರ ಮಕ್ಕಳಿಗೆ ವಿಶ್ವಕರ್ಮ ಪುರಾಣ. ಹಗುರವಾದ ಓದಿಗೆ ಪಂಚತಂತ್ರ, ಬೇತಾಳನ ಕಥೆ. ಬಾಯಿಪಾಠ ಮಾಡಿಸೋದರ ಮುಖ್ಯ ಉದ್ದೇಶ ಉಚ್ಚಾರ ಸ್ಪಷ್ಟವಾಗಲಿ, ಯಾವ ಬರಹ ಕೊಟ್ಟರೂ ತಡವರಿಸದೆ ಓದಲಿ ಅನ್ನೋದು. ಇದಕ್ಕೆ ನಾನು ಪೂರ್ತಿ ಪರ. ಮಗುವಿನ ನಾಲಿಗೆ ಮೇಲೆ ನೂರು ಷಟ್ಪದಿ ಕೂತರೆ ಅದು ಜೀವಮಾನದ ಆಸ್ತಿ. ‘ಬಾಯಿಪಾಠ ಬೇಡವೇ ಬೇಡ’ ಅನ್ನೋರ ಮಕ್ಕಳಿಗೆ ಜಾಹೀರಾತಿನ ಹಾಡಂತೂ ಬಾಯಿಗೆ ಬಂದೇ ಬರುತ್ತೆ. ಅದರ ಬದಲು ಕುಮಾರವ್ಯಾಸ ಬರಲಿ ಬಿಡಿ.

ಆದರೆ ಕ್ಯಾಂಪ್‌ಬೆಲ್ ಇಲ್ಲೇ ಕುಟುಕಿದ್ದಾನೆ, ಮತ್ತು ಅವನ ಮಾತು ಸರಿ. ಪದ್ಯದ ಭಾಷೆ ಬೇರೆ, ಮಾತಿನ ಭಾಷೆ ಬೇರೆ. ಹುಡುಗರು ಲೆಕ್ಕವಿಲ್ಲದಷ್ಟು ಪದ್ಯ ಒಪ್ಪಿಸ್ತಾರೆ, ಅರ್ಥ ಕೇಳಿದರೆ ಗಿಳಿಗೆ ಗೊತ್ತಿರೋದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ ಅನ್ನೋದು ಅವನ ದೂರು. ಹಾಗೆ ಅಂತ ಅವನು ಮೇಷ್ಟ್ರುಗಳನ್ನಷ್ಟೇ ಬೈಯಲಿಲ್ಲ. ಭಾಷೆಯ ಒಳಗುಟ್ಟು ತಿಳಿಸೋ ಪುಸ್ತಕಗಳು, ಅಂದರೆ ಅಮರಕೋಶ, ನಿಘಂಟು, ಶಬ್ದಮಣಿದರ್ಪಣದಂಥ ವ್ಯಾಕರಣ, ಮಠಗಳಲ್ಲಿ ಎಲ್ಲಕ್ಕಿಂತ ಅಪರೂಪ ಅಂತ ಬರೆದಿದ್ದಾನೆ. ಕೈಬರಹದ ಪ್ರತಿ ದುಬಾರಿ, ಮೇಷ್ಟ್ರು ಬಡವರು. ಸಿಕ್ಕ ಪ್ರತಿಗಳಲ್ಲೂ ನಕಲು ಮಾಡಿದವರ ತಪ್ಪುಗಳೇ ತುಂಬಿದ್ದವು. ಈಗ ನಮಗೆ ಆ ನೆಪ ಇಲ್ಲ. ಶಬ್ದಮಣಿದರ್ಪಣ ಫೋನಿನಲ್ಲೇ ಸಿಗುತ್ತೆ. ಆದರೂ ವೀಕೆಂಡ್ ಶ್ಲೋಕದ ಕ್ಲಾಸಿನಲ್ಲಿ ಅರ್ಥ ಹೇಳದೆ ಮಕ್ಕಳ ಬಾಯಲ್ಲಿ ಒಪ್ಪಿಸಿ, ವಿಡಿಯೋ ಮಾಡಿ ಹಾಕ್ತೀವಿ. ಅಂದರೆ 1823ರ ಮಠದ ಅತಿ ಕೆಟ್ಟ ಪಾಠವನ್ನು ಆರಿಸಿಕೊಂಡು, ಅದಕ್ಕೆ ಫೀಸು ಕಟ್ಟುತ್ತಿದ್ದೇವೆ.

ಹೊಡೆತದ ಬಗ್ಗೆ ಹೇಳದಿದ್ದರೆ ಮೋಸವಾಗುತ್ತೆ. ಸೋಮಾರಿ ಹುಡುಗನನ್ನು ಎರಡೂ ಕೈ ಕಟ್ಟಿ, ರಾಟೆಯಿಂದ ಸೂರಿಗೆ ಎಳೆದು ನೇತುಹಾಕ್ತಿದ್ದರಂತೆ. ನಮ್ಮ ಹಿರಿಯರು ಕೋದಂಡ ಅಂತಿದ್ದುದು ಇದನ್ನೇ. ಇಲ್ಲದಿದ್ದರೆ ನಿಲ್ಲಿಸದೆ ಬಸ್ಕಿ. ಇದನ್ನು ಕೆಲವರು ‘ಶಿಸ್ತು’ ಅಂತ ಈಗಲೂ ನೆನೆಸಿಕೊಂಡು ಖುಷಿಪಡ್ತಾರೆ. ಆ ಹಗ್ಗಕ್ಕೆ ತಮ್ಮ ಮೊಮ್ಮಗನನ್ನು ಕಟ್ಟಲಿ ನೋಡೋಣ.

ಇನ್ನು ಹೆಣ್ಣುಮಕ್ಕಳು. ಇಡೀ ಜಿಲ್ಲೆಯಲ್ಲಿ ಅರವತ್ತು. ಮಠಗಳೇ 533 ಇರುವಾಗ ಮಠಕ್ಕೊಬ್ಬಳೂ ಇಲ್ಲ. ಅದರಲ್ಲಿ ಬ್ರಾಹ್ಮಣರ ಹುಡುಗಿಯರು ಇಬ್ಬರು, ವೈಶ್ಯರ ಹುಡುಗಿ ಒಬ್ಬಳು. ಉಳಿದ 57 ಮಂದಿ ಶೂದ್ರ ಮತ್ತು ‘ಇತರ’ ಅಂತ ಬರೆದ ಜಾತಿಗಳವರು. ಹಳೇ ಶಿಕ್ಷಣ ವಾಪಸ್ ಬರಲಿ ಅಂತ ಬರೆಯೋ ಅಕ್ಕಂದಿರೇ, ಆ ಶಿಕ್ಷಣ ಹಾಗೇ ಬಂದಿದ್ದರೆ ಆ ಪೋಸ್ಟ್ ಬರೆಯೋಕೆ ನಿಮಗೂ ಬರ್ತಿರಲಿಲ್ಲ, ಓದೋಕೆ ನನಗೂ ಬರ್ತಿರಲಿಲ್ಲ.

ಮೆಕಾಲೆ ಬಗ್ಗೆ ಇನ್ನೊಂದು ಮಾತು. ಇಂಗ್ಲಿಷ್ ಶಿಕ್ಷಣವೇ ಬೇಕು ಅಂತ ಅವನು ಬರೆದ ಟಿಪ್ಪಣಿ 1835ರದು. ಮಠಗಳು ಮುಚ್ಚಿಹೋಗ್ತಿವೆ, ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಅಂತ ಕ್ಯಾಂಪ್‌ಬೆಲ್ ಅದಕ್ಕೂ ಹನ್ನೆರಡು ವರ್ಷ ಮೊದಲೇ ಬರೆದಾಗಿತ್ತು. ಕಾರಣವನ್ನೂ ಹೇಳಿದ್ದ: ಬಡತನ. ವಿಲಾಯಿತಿ ಬಟ್ಟೆ ಬಂದು ಇಲ್ಲಿಯ ಕಸುಬಿನವರ ದುಡಿಮೆ ಬಿತ್ತು, ದೇಶದ ದುಡ್ಡು ಹೊರಗೆ ಹರೀತಿದೆ, ಅಪ್ಪ-ಅಮ್ಮಂದಿರಿಗೆ ಮೇಷ್ಟ್ರಿಗೆ ಕೊಡೋಕೆ ಕೈಯಲ್ಲಿ ಕಾಸಿಲ್ಲ. ಒಬ್ಬ ಕಂಪನಿ ಕಲೆಕ್ಟರ್ ತನ್ನ ಮೇಲಿನವರಿಗೇ ಇದನ್ನು ಬರೆದ ಅನ್ನೋದು ದೊಡ್ಡ ಮಾತು. ಮಠಕ್ಕೆ ಬಾಗಿಲು ಬಿದ್ದದ್ದರ ಮೂಲ ಇರೋದು ಪಠ್ಯಕ್ರಮದಲ್ಲಿ ಅನ್ನೋದಕ್ಕಿಂತ ಹೆಚ್ಚಾಗಿ ಮಗ್ಗದ ಮನೆಯಲ್ಲಿ.

ಹಾಗಾಗಿ ನನ್ನ ತಂಗಿ “ಅಕ್ಕ, ಪಾಪುಗೆ ಕ್ಲಾಸಿಕಲ್ ಕಲಿಸ್ಬೇಕಾ ಬೇಡ್ವಾ?” ಅಂತ ಕೇಳಿದಾಗ, ಧಾರಾಳವಾಗಿ ಕಲಿಸು, ಆದರೆ ಬಳ್ಳಾರಿಯ ಪಟ್ಟಿ ಹಿಡಿ ಅಂದೆ. ಅಳತೆ ತೂಕ ಬಾಯಲ್ಲಿರಲಿ. ಪದ್ಯ ಗಟ್ಟಿಯಾಗಿ ಓದಲಿ, ಅರ್ಥ ಅವತ್ತೇ ಹೇಳು. ಅಜ್ಜನ ಹಳೇ ಕಾಗದಗಳನ್ನು ತೆಗೆದು ಮುಂದಿಡು, ಬಿಡಿಸಿ ಓದಲಿ. ದೊಡ್ಡವನು ಚಿಕ್ಕವಳಿಗೆ ಹೇಳಿಕೊಡಲಿ. ವಾರಕ್ಕೊಂದು ಪತ್ರ ಬರೀಲಿ, ನಿಜವಾದ ವಿಳಾಸಕ್ಕೆ.

ನಮ್ಮ ಮನೆಯಲ್ಲಿ ಪತ್ರದ ಪಾಠ ಶುರುವಾಗಿದೆ. ಬೀದಿ ದೀಪ ಉರೀತಿಲ್ಲ ಅಂತ ಮಗಳು ನಮ್ಮ ವಾರ್ಡಿನ ಸದಸ್ಯರಿಗೆ ಅರ್ಜಿ ಬರೆದಿದ್ದಾಳೆ. ಇಂದ, ಗೆ, ಮಾನ್ಯರೇ, ವಿಷಯ, ಕಂಬದ ನಂಬರು ಎಲ್ಲ ಸರಿಯಾಗಿದೆ. ಕೊಡೋಕೆ ಹೋದಾಗ ನಕಲು ಪ್ರತಿಗೆ ಸ್ವೀಕೃತಿ ಸಹಿ ಕೇಳಿದಳಂತೆ. ಅವರು ನಕ್ಕು ಚಾಕೊಲೇಟ್ ಕೊಟ್ಟಿದ್ದಾರೆ, ಸಹಿ ಹಾಕಿಲ್ಲ. ನಾಳೆ ಮತ್ತೆ ಹೋಗ್ತಾಳಂತೆ.