ಖಾಲಿ ಚೀಲದವರು ಮುಂದೆ ಬನ್ನಿ

ಮಾಜಾಳಿ ನಾಕಾ ನೋಡದ ಕಾರವಾರಿಗ ಇಲ್ಲ. ಗೋವಾ ಕಡೆಯಿಂದ ಬಂದ ಬಸ್ಸು ಅಲ್ಲಿ ನಿಲ್ಲುತ್ತದೆ. ಅಬಕಾರಿಯವರು ಹತ್ತುತ್ತಾರೆ. ಸೀಟಿನ ಕೆಳಗೆ ಬಗ್ಗುತ್ತಾರೆ, ಮೇಲಿನ ಕ್ಯಾರಿಯರ್‌ನಲ್ಲಿ ಕೈಯಾಡಿಸುತ್ತಾರೆ. ಯಾರ ಚೀಲ 'ಟಣ್' ಅಂದಿತೋ ಅವರನ್ನು ಚೀಲ ಸಮೇತ ಇಳಿಸುತ್ತಾರೆ.

ಅದೇ ನಾಕಾದಲ್ಲಿ ನಾಳೆ ಒಂದು ಹೊಸ ಬೋರ್ಡು ಬಂತು ಅಂದುಕೊಳ್ಳಿ. '1967ರ ಜನವರಿ 1ಕ್ಕಿಂತ ಮುಂಚೆ ಕುಡಿಯಲು ಶುರು ಮಾಡಿದವರು ಬಾಟಲಿ ಸಮೇತ ಹೋಗಬಹುದು. ಉಳಿದವರು ಚೀಲ ಬಿಚ್ಚಿ ತೋರಿಸತಕ್ಕದ್ದು. ಜೊತೆಗೆ, ಜನ್ಮದಲ್ಲಿ ಕುಡಿಯುವುದಿಲ್ಲ ಎಂದು ಬರೆದು ಕೊಡತಕ್ಕದ್ದು.' ಬೋರ್ಡು ಬರೆಸಿದವರು ಯಾರಪ್ಪಾ ಅಂತ ನೋಡಿದರೆ, ಬಾಟಲಿ ಸಮೇತ ದಾಟಿ ಹೋದವರೇ.

ಕಾರವಾರದಲ್ಲಿ ಇಂಥ ಬೋರ್ಡು ಹಾಕಿದರೆ ಸಂಜೆಯೊಳಗೆ ಕಿತ್ತು ಸಮುದ್ರಕ್ಕೆ ಎಸೆಯುತ್ತಾರೆ. ಆದರೆ ಜಗತ್ತಿನಲ್ಲಿ ಈ ಬೋರ್ಡು 1970ರಿಂದ ನಿಂತೇ ಇದೆ. ಅದಕ್ಕೆ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಅಂತ ಹೆಸರು, ಚುಟುಕಾಗಿ ಎನ್‌ಪಿಟಿ. 1967ರ ಜನವರಿ 1ರ ಒಳಗೆ ಬಾಂಬ್ ಸಿಡಿಸಿ ತೋರಿಸಿದವರು ಮಾತ್ರ 'ಅಣ್ವಸ್ತ್ರ ದೇಶ'. ಅಮೆರಿಕ, ಆಗಿನ ಸೋವಿಯತ್ ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ. ಚೀನಾ ಮೊದಲ ಬಾಂಬ್ ಸಿಡಿಸಿದ್ದು 1964ರ ಅಕ್ಟೋಬರ್‌ನಲ್ಲಿ. ಎರಡೂವರೆ ವರ್ಷ ತಡ ಮಾಡಿದ್ದರೆ ಅದೂ ಚೀಲ ಹಿಡಿದು ಸಾಲಿನಲ್ಲಿ ನಿಲ್ಲಬೇಕಿತ್ತು. ತಮಾಷೆ ಅಂದರೆ, ಪಾಸು ಸಿಕ್ಕಿದ ಮೇಲೂ ಚೀನಾ ಮತ್ತು ಫ್ರಾನ್ಸ್ ಈ ಒಪ್ಪಂದಕ್ಕೆ ಸೇರಿದ್ದು 1992ರಲ್ಲಿ. ಅಷ್ಟು ವರ್ಷ ಏನು ಯೋಚನೆ ಮಾಡಿದರೋ!

ತಪಾಸಣೆ ಮಾಡುವ ಕೆಲಸ ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯದು. 1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ 'ಶಾಂತಿಗಾಗಿ ಅಣು' ಅಂತ ಭಾಷಣ ಮಾಡಿದರು. ಅದರಿಂದ 1957ರಲ್ಲಿ ಈ ಸಂಸ್ಥೆ ಹುಟ್ಟಿತು. ಅಲ್ಲಿನ ಇನ್‌ಸ್ಪೆಕ್ಟರುಗಳ ಬಗ್ಗೆ ನನಗೆ ತಕರಾರಿಲ್ಲ. ಪಾಪ, ಅಚ್ಚುಕಟ್ಟು ಜನ. ಸ್ಥಾವರದ ಪೆಟ್ಟಿಗೆಗೆ, ಕ್ಯಾಮೆರಾಕ್ಕೆ ನಾಣ್ಯದಷ್ಟು ದೊಡ್ಡ ಲೋಹದ ಸೀಲು ಹಾಕುತ್ತಾರೆ. ಹಾಕುವ ಮುಂಚೆ ಸೀಲಿನ ಒಳಗಡೆ ಗೀರುಗಳಿರುತ್ತವೆ, ಅದರ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಮುಂದಿನ ಸಲ ಬಂದು ಸೀಲು ಬಿಚ್ಚಿ ವಿಯೆನ್ನಾಕ್ಕೆ ಒಯ್ದು, ಗೀರಿಗೆ ಗೀರು ತಾಳೆ ನೋಡುತ್ತಾರೆ. ಮಧ್ಯೆ ಯಾರೋ ಬಿಚ್ಚಿ ಹೊಸದು ಹಾಕಿದ್ದರೆ ಸಿಕ್ಕಿಬೀಳುತ್ತಾರೆ. ಇನ್ನು ಮೇಜು, ಗೋಡೆ, ಬಾಗಿಲ ಹಿಡಿಯನ್ನೆಲ್ಲ ಹತ್ತಿ ಬಟ್ಟೆಯಿಂದ ಒರೆಸುತ್ತಾರೆ. ಆ ಬಟ್ಟೆ ವಿಯೆನ್ನಾ ಹತ್ತಿರದ ಸೈಬರ್ಸ್‌ಡಾರ್ಫ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಕಣ್ಣಿಗೆ ಕಾಣದ ಯುರೇನಿಯಂ ಕಣ ಅಂಟಿದ್ದರೂ ಅಲ್ಲಿ ಗೊತ್ತಾಗುತ್ತದೆ. ನಮ್ಮ ಸರ್ಕಾರಿ ಕಚೇರಿಯ ಮೇಜುಗಳನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ಒರೆಸಿದ್ದರೆ ಅಂತ ಒಮ್ಮೆ ಅನಿಸಿತು, ಬಿಡಿ.

ಪ್ರಶ್ನೆ ಇರುವುದು, ಈ ಸೀಲು ಮತ್ತು ಬಟ್ಟೆ ಯಾರ ಮನೆಗೆ ಹೋಗುತ್ತದೆ ಅನ್ನೋದು. ವ್ಯಾಟಿಕನ್ ಕೂಡ ಈ ಸಂಸ್ಥೆಯ ಜೊತೆ ತಪಾಸಣೆ ಒಪ್ಪಂದ ಮಾಡಿಕೊಂಡಿದೆ. ಹೌದು, ಪೋಪ್ ಇರುವ ಅದೇ ವ್ಯಾಟಿಕನ್. ಅಲ್ಲಿ ರಿಯಾಕ್ಟರ್ ಇಲ್ಲ, ಯುರೇನಿಯಂ ಗಣಿ ಇಲ್ಲ. ಬಾಂಬ್ ಮಾಡುವುದಿಲ್ಲ ಅಂತ ಬರೆದು ಕೊಟ್ಟಿದ್ದಾರೆ. ಮಾಲ್ಡೀವ್ಸ್ ಕೊಟ್ಟಿದೆ, ಭೂತಾನ ಕೊಟ್ಟಿದೆ. ಜಗತ್ತು ಇವರ ವಿಷಯದಲ್ಲಿ ನಿಶ್ಚಿಂತೆಯಾಗಿ ಮಲಗಬಹುದು.

ಬಾಂಬ್ ಇರುವ ಆ ಐದು ಮಂದಿ? ಅವರಿಗೆ ಬೇರೆ ಫಾರ್ಮು. 'ಸ್ವಇಚ್ಛೆಯ ಒಪ್ಪಂದ' ಅಂತ ಅದಕ್ಕೆ ಹೆಸರು. ತಮ್ಮ ಯಾವ ಸ್ಥಾವರ ನೋಡಬಹುದು ಅನ್ನುವ ಪಟ್ಟಿಯನ್ನು ಅವರೇ ಬರೆದು ಕೊಡುತ್ತಾರೆ. ಆ ಪಟ್ಟಿಯಲ್ಲಿ ಸಂಸ್ಥೆ ತನಗೆ ಬೇಕಾದ ಒಂದೆರಡನ್ನು ಆರಿಸಿ ನೋಡಿಕೊಂಡು ಬರುತ್ತದೆ. ಬಾಟಲಿ ಇಟ್ಟ ಕೋಣೆ ಬಿಟ್ಟು ಪಡಸಾಲೆ ತೋರಿಸಿದ ಹಾಗೆ. ಅಧಿಕಾರಿ ಪಡಸಾಲೆ ನೋಡಿ, 'ಇಲ್ಲೇನೂ ಇಲ್ಲ' ಅಂತ ಬರೆದುಕೊಂಡು, ಚಾ ಕುಡಿದು ಹೊರಡುತ್ತಾನೆ.

ಈ ಐವರು ಸುಮ್ನೆ ಕೂತಿಲ್ಲ, ಒಂದು ಮಾತು ಕೊಟ್ಟಿದ್ದಾರೆ. ಒಪ್ಪಂದದ ಆರನೇ ವಿಧಿಯಲ್ಲಿ, ಬಾಂಬ್ ಕಡಿಮೆ ಮಾಡಿ ಕೊನೆಗೆ ಇಲ್ಲವಾಗಿಸಲು 'ಸದುದ್ದೇಶದಿಂದ ಮಾತುಕತೆ' ನಡೆಸುತ್ತೇವೆ ಅಂತ ಬರೆದಿದೆ. 1970ರಿಂದ ಮಾತುಕತೆ ನಡೆಯುತ್ತಲೇ ಇದೆ. ಐದು ವರ್ಷಕ್ಕೊಮ್ಮೆ ದೊಡ್ಡ ಸಭೆ. 2015ರ ಸಭೆ ಒಮ್ಮತ ಇಲ್ಲದೆ ಮುಗಿಯಿತು. ಮುಂದಿನದು ಕೋವಿಡ್‌ನಿಂದ ತಡವಾಗಿ 2022ರಲ್ಲಿ ನಡೆಯಿತು, ಅದೂ ಒಮ್ಮತ ಇಲ್ಲದೆ ಮುಗಿಯಿತು. ಒಮ್ಮತ ಆಗಲಿಲ್ಲ ಅನ್ನೋದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ.

ಇಷ್ಟು ಹೊತ್ತು ನಕ್ಕಿರಲ್ಲ, ಈಗ ನಮ್ಮ ಮನೆ ಕಡೆ ಬರೋಣ.

ನಾವು ಈ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಬೋರ್ಡು ಸರಿ ಇಲ್ಲ ಅಂತ ಜಗಳ ತೆಗೆದೆವು. ಜಗಳ ನ್ಯಾಯವೇ. ಆಮೇಲೆ ನಾವು ಮಾಡಿದ್ದೇನು? 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿಸಿ, ಅದಕ್ಕೆ 'ಶಾಂತಿಯುತ ಸ್ಫೋಟ' ಅಂತ ಹೆಸರಿಟ್ಟೆವು. ಅದಕ್ಕೆ ಬೇಕಾದ ಪ್ಲುಟೋನಿಯಂ, ಅಂದರೆ ರಿಯಾಕ್ಟರಿನಲ್ಲಿ ಯುರೇನಿಯಂ ಉರಿದಾಗ ಹುಟ್ಟುವ ಬಾಂಬ್ ಸಾಮಾನು, ಬಂದದ್ದು ಟ್ರಾಂಬೆಯ ಸೈರಸ್ ರಿಯಾಕ್ಟರ್‌ನಿಂದ. ರಿಯಾಕ್ಟರ್ ಕೊಟ್ಟದ್ದು ಕೆನಡಾ, ಅದು ಓಡಲು ಬೇಕಾದ ವಿಶೇಷ ನೀರು, ಭಾರಜಲ, ಕೊಟ್ಟದ್ದು ಅಮೆರಿಕ. ಶಾಂತಿಗಾಗಿ ಬಳಸಿ ಅಂತ ಕೊಟ್ಟಿದ್ದರು. ನಾವೂ ಶಾಂತಿಯಿಂದಲೇ ಸಿಡಿಸಿದ್ದೇವೆ ಅಂದೆವು. ಕೆನಡಾದವರು ಸಿಟ್ಟಾಗಿ ನಂಟು ಕಡಿದುಕೊಂಡರು. ಸಾಮಾನು ಮಾರುವ ದೇಶಗಳೆಲ್ಲ ಸೇರಿ ಪರಮಾಣು ಪೂರೈಕೆದಾರರ ಗುಂಪು ಕಟ್ಟಿ ನಮಗೆ ಅಂಗಡಿ ಬಾಗಿಲು ಹಾಕಿದವು.

ಬಾಗಿಲು ತೆರೆದದ್ದು 2008ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಒತ್ತಾಸೆಯಿಂದ. ಅದಕ್ಕೊಂದು ಷರತ್ತಿತ್ತು. ನಾಗರಿಕ ಬಳಕೆಯ ಸ್ಥಾವರಗಳನ್ನು ಬೇರೆ ಮಾಡಿ ವಿಯೆನ್ನಾದವರ ಕಣ್ಣಿಗೆ ಬಿಡಬೇಕು. ಆಗ ನಡೆಯುತ್ತಿದ್ದ, ಕಟ್ಟುತ್ತಿದ್ದ 22 ವಿದ್ಯುತ್ ರಿಯಾಕ್ಟರುಗಳಲ್ಲಿ 14ನ್ನು ತಪಾಸಣೆಗೆ ಕೊಟ್ಟೆವು. ಎಂಟನ್ನು ಹೊರಗಿಟ್ಟುಕೊಂಡೆವು. ಆ ಎಂಟರಲ್ಲಿ ನಾಲ್ಕು ಯಾವುವು ಗೊತ್ತಾ? ನಮ್ಮ ಕೈಗಾದ ನಾಲ್ಕೂ.

ಅಂದರೆ ದೇಶ ಕಣ್ಣು ತಪ್ಪಿಸಿ ಇಟ್ಟುಕೊಂಡದ್ದರಲ್ಲಿ ಅರ್ಧ ಉತ್ತರ ಕನ್ನಡದ್ದು. ಜಿಲ್ಲೆಗೆ ಇಂಥ ಮಾನ ಬಂದಿದೆ ಅಂತ ನಮಗೆ ಯಾರೂ ಹೇಳಲಿಲ್ಲ.

ಕಾರವಾರದ ಹೋಟೆಲೊಂದರಲ್ಲಿ ಬನ್ಸ್ ಭಾಜಿ ತಿನ್ನುತ್ತ ಈ ಸುದ್ದಿ ತೆಗೆದೆ. ಎದುರಿಗೆ ನಮ್ಮ ಗಲ್ಲಿಯ ನಿವೃತ್ತ ಮಾಸ್ತರು. ಅವರು ಇಷ್ಟು ವರ್ಷ ಬೇರೆಯೇ ನಂಬಿಕೊಂಡಿದ್ದರು.

"ಹೊರದೇಶದ ಆಫೀಸರು ಕೈಗಾಕ್ಕೆ ಬಂದು ಕಾಳಿ ಹೊಳೆಯ ಮೀನು ಪರೀಕ್ಷೆ ಮಾಡ್ತಾರೆ ಅಂತ ನಾನು ತಿಳಿದಿದ್ದೆ ಮಾರಾಯಾ. ಅದೇ ಧೈರ್ಯದ ಮೇಲೆ ತಿಂತಾ ಇದ್ದೆ."

"ಅದು ಬೇರೆ ಮಾಸ್ತರೇ. ಸುರಕ್ಷತೆ ನೋಡಲಿಕ್ಕೆ ಮುಂಬೈಯಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಉಂಟು. ಸುತ್ತಮುತ್ತಲ ನೀರು, ಹಾಲು, ಮೀನು ತೆಗೆದು ನೋಡಲಿಕ್ಕೆ ಸ್ಥಾವರದ ಹತ್ತಿರವೇ ನಮ್ಮವರದ್ದೇ ಲ್ಯಾಬ್ ಉಂಟು. ಸೀಲು ಹಾಕುವ ವಿಯೆನ್ನಾದವರು ನೋಡೋದು ಲೆಕ್ಕ. ಪ್ಲುಟೋನಿಯಂ ಎಂಟು ಕಿಲೋ ಎಲ್ಲಾದರೂ ಕಮ್ಮಿ ಬಿತ್ತಾ ಅಂತ."

"ಎಂಟೇ ಕಿಲೋನಾ?"

"ಎಂಟು ಕಿಲೋ ಇದ್ದರೆ ಒಂದು ಬಾಂಬ್ ಆಗಬಹುದು ಅಂತ ಅವರ ಅಂದಾಜು."

ಮಾಸ್ತರು ಬನ್ಸ್ ಬಿಟ್ಟು ನನ್ನನ್ನೇ ನೋಡಿದರು. "ಆ ಲೆಕ್ಕ ಕೈಗಾದಲ್ಲಿ ಯಾರು ನೋಡ್ತಾರೆ?"

"ನಮ್ಮವರೇ."

"ಅವರ ಲೆಕ್ಕ ಯಾರು ನೋಡ್ತಾರೆ?"

"ಅವರೇ."

ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ತನ್ನ ಪೇಪರು ತಾನೇ ತಿದ್ದಿಕೊಳ್ಳುವ ಪದ್ಧತಿ ಅವರ ಕಾಲದಲ್ಲಿ ಇರಲಿಲ್ಲವಂತೆ. ಇನ್ನೊಂದು ಚಾ ಹೇಳಿದರು.

ಕೈಗಾದಲ್ಲಿ ಬಾಂಬ್ ಸಾಮಾನು ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕರೆಂಟು ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ತಲಾ 220 ಮೆಗಾವಾಟಿನ ನಾಲ್ಕು ಘಟಕ. ಒಂದನೇ ಘಟಕ 2018ರ ಡಿಸೆಂಬರ್ 31ರ ತನಕ ಒಂದೇ ಸಮನೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಓಡುತ್ತಿರುವಾಗಲೇ ಇಂಧನ ತುಂಬಬಹುದಾದ ರಿಯಾಕ್ಟರ್ ಅದು. ಒಳಗೆ 306 ಕೊಳವೆ, ಪ್ರತಿಯೊಂದರಲ್ಲಿ ಅರ್ಧ ಮೀಟರ್ ಉದ್ದದ 12 ಯುರೇನಿಯಂ ಕಟ್ಟು. ಒಟ್ಟು 3672. ಈ ಕಡೆಯಿಂದ ಹೊಸದು ದೂಡಿದರೆ ಆ ಕಡೆಯಿಂದ ಉರಿದದ್ದು ಹೊರಗೆ. ಅದಕ್ಕೇ ನಿಲ್ಲಿಸದೆ ಅಷ್ಟು ದಿನ ಓಡಿಸಲಿಕ್ಕೆ ಆಯಿತು. ಅದಕ್ಕೇ ಇಂಥ ರಿಯಾಕ್ಟರ್ ಕಂಡರೆ ತಪಾಸಣೆಯವರಿಗೆ ತಲೆನೋವು ಜಾಸ್ತಿ. ದಿನವೂ ಕಟ್ಟು ಒಳಗೆ ಹೊರಗೆ ಆಗುತ್ತಿದ್ದರೆ ಎಣಿಸುವವನು ಕಣ್ಣು ಮಿಟುಕಿಸುವ ಹಾಗಿಲ್ಲ. ಕೈಗಾದ ಮಟ್ಟಿಗೆ ಅವರಿಗೆ ಆ ಕಷ್ಟ ಇಲ್ಲ, ಕರೆದೇ ಇಲ್ಲವಲ್ಲ.

ಇಲ್ಲಿ ಒಂದು ಉಪಕಥೆ ಉಂಟು. ಕೈಗಾ ರಿಯಾಕ್ಟರಿನ ವಂಶ ಮೂಲತಃ ಕೆನಡಾದ್ದು. ಅವರು ಸಿಟ್ಟಾಗಿ ಬಿಟ್ಟು ಹೋದ ಮೇಲೆ ನಮ್ಮವರೇ ತಿದ್ದಿ ಬೆಳೆಸಿದ ವಿನ್ಯಾಸ. 2015ರಲ್ಲಿ ಅದೇ ಕೆನಡಾ ನಮಗೆ ಯುರೇನಿಯಂ ಮಾರಲು ಒಪ್ಪಿತು. ಆದರೆ ಅದು ತಪಾಸಣೆಗೆ ಕೊಟ್ಟ ಸ್ಥಾವರಗಳಿಗೆ ಮಾತ್ರ. ಕೈಗಾಕ್ಕೆ ಪರದೇಶದ ಯುರೇನಿಯಂ ನಿಷಿದ್ಧ, ಊರಿನದ್ದೇ ಆಗಬೇಕು. ಮಡಿ ಅಡುಗೆಮನೆಗೂ ಇಷ್ಟು ಕಟ್ಟುನಿಟ್ಟು ಇರಲಿಕ್ಕಿಲ್ಲ.

ಕರೆಂಟಿಗೆ ಮಾತ್ರ ಮಡಿ ಮೈಲಿಗೆ ಗೊತ್ತಿಲ್ಲ. ತಮಿಳುನಾಡಿನ ಕೂಡಂಕುಳಂ ರಿಯಾಕ್ಟರುಗಳಿಗೆ ವಿಯೆನ್ನಾದ ಸೀಲುಂಟು, ಕೈಗಾಕ್ಕೆ ಇಲ್ಲ. ಎರಡರ ಕರೆಂಟೂ ಒಂದೇ ದಕ್ಷಿಣದ ಜಾಲಕ್ಕೆ ಬಂದು ಬೀಳುತ್ತದೆ. ಬೆಳಿಗ್ಗೆ ನಮ್ಮ ಮನೆಯಲ್ಲಿ ದೋಸೆಹಿಟ್ಟು ರುಬ್ಬುವಾಗ ಮಿಕ್ಸರಿನೊಳಗೆ ತಿರುಗುತ್ತಿರುವುದು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟ ಕರೆಂಟೋ, ರಾಷ್ಟ್ರೀಯ ಭದ್ರತೆಯ ಕರೆಂಟೋ, ಚಟ್ನಿ ರುಚಿಯಲ್ಲಿ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಎರಡೂ ಬರುವುದಿಲ್ಲ. ಕೈಗಾ ಹತ್ತಿರದ ಹಳ್ಳಿಗಳಲ್ಲಿ ಆಗ ಚಿಮಣಿ ದೀಪ ಹುಡುಕುತ್ತಾರೆ.

ಜಗತ್ತು ಗ್ರಾಂ ಲೆಕ್ಕದಲ್ಲಿ ಪ್ಲುಟೋನಿಯಂ ಕಾಯುತ್ತಿರುವಾಗ ಕೈಗಾದಲ್ಲಿ ತಕರಾರು ಬಂದದ್ದು ಎಲ್ಲಿಂದ? ಕುಡಿಯುವ ನೀರಿನ ಕೂಲರಿನಿಂದ. 2009ರ ನವೆಂಬರ್‌ನಲ್ಲಿ ಯಾರೋ ಒಳಗಿನವರೇ ಕೂಲರಿಗೆ ವಿಕಿರಣ ಸೂಸುವ ಟ್ರೀಟಿಯಂ ಇದ್ದ ಭಾರಜಲ ಬೆರೆಸಿದರು ಅಂತ ಸುದ್ದಿ ದೇಶವೆಲ್ಲ ಆಯಿತು. 50ಕ್ಕೂ ಜಾಸ್ತಿ ನೌಕರರ ಮೈಗೆ ಅದು ಸೇರಿತ್ತು. ಕೂಲರ್ ಯಾವ ಒಪ್ಪಂದದ ಯಾವ ವಿಧಿಯಲ್ಲೂ ಬರುವುದಿಲ್ಲ.

ಹಾಗಂತ ವಿಯೆನ್ನಾದವರು ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಇರಾಕಿಗೆ ಅವರು ಹೋಗಿದ್ದರು. 2003ರ ಮಾರ್ಚ್ 7ರಂದು ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರಾದಿ ಭದ್ರತಾ ಮಂಡಳಿಯಲ್ಲಿ ನಿಂತು, ಇರಾಕ್ ಅಣ್ವಸ್ತ್ರ ಕಾರ್ಯಕ್ರಮ ಮತ್ತೆ ಶುರು ಮಾಡಿದ್ದಕ್ಕೆ ಪುರಾವೆ ಸಿಕ್ಕಿಲ್ಲ ಅಂದರು. ಚೀಲ ಖಾಲಿ ಉಂಟು ಸ್ವಾಮಿ, ನಾನೇ ನೋಡಿದ್ದೇನೆ ಅಂದ ಹಾಗೆ. ಎರಡು ವಾರ ಕಳೆಯುವುದರೊಳಗೆ ಯುದ್ಧ ಶುರುವಾಯಿತು. ಚೀಲ ಖಾಲಿ ಅಂದರೂ ಬಸ್ಸಿಗೇ ಬೆಂಕಿ ಹಚ್ಚಿದರು. ಆಮೇಲೆ ಹುಡುಕಿದರೂ ಬಾಂಬ್ ಸಿಗಲಿಲ್ಲ. 2005ರಲ್ಲಿ ಎಲ್‌ಬರಾದಿಗೂ ಅವರ ಸಂಸ್ಥೆಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮಾತು ಕೇಳಲಿಕ್ಕೆ ಆಗದಿದ್ದಾಗ ಮೆಡಲ್ ಕೊಡುವುದು ಒಳ್ಳೆಯ ಪದ್ಧತಿ.

ಉತ್ತರ ಕೊರಿಯಾದ್ದು ಇನ್ನೊಂದು ದಾರಿ. ಒಪ್ಪಂದಕ್ಕೆ ಸೇರಿತು, 2003ರಲ್ಲಿ ಬಿಟ್ಟೆ ಅಂತ ಹೇಳಿತು, 2006ರಲ್ಲಿ ಸಿಡಿಸಿತು. ಮೂರು ತಿಂಗಳು ಮೊದಲು ನೋಟಿಸು ಕೊಟ್ಟು ಹೊರಗೆ ಹೋಗಬಹುದು ಅಂತ ಒಪ್ಪಂದದಲ್ಲೇ ಬರೆದಿದೆ. ಈಗ ಆ ದೇಶದ ಮೇಲೆ ಕೈ ಎತ್ತುವ ಮುಂಚೆ ಎಲ್ಲರೂ ಎರಡು ಸಲ ಯೋಚಿಸುತ್ತಾರೆ. ಚೀಲ ಖಾಲಿ ಇದ್ದ ಇರಾಕಿಗೆ ಏನಾಯಿತು ಅಂತಲೂ ಎಲ್ಲರೂ ನೋಡಿದ್ದಾರೆ. ಇದರಿಂದ ಸಣ್ಣ ದೇಶಗಳು ಏನು ಪಾಠ ಕಲಿಯುತ್ತವೆ ಅಂತ ಆ ಐದು ಮಂದಿ ಯಾವತ್ತಾದರೂ ಕೂತು ಯೋಚಿಸಿದ್ದಾರೋ ಇಲ್ಲವೋ.

ಪಾಕಿಸ್ತಾನದ ವಿಷಯದಲ್ಲಿ ಮಾತ್ರ ನಾವು ಬಲು ಶಿಸ್ತು. ಅಣುಸ್ಥಾವರಗಳ ಮೇಲೆ ಪರಸ್ಪರ ದಾಳಿ ಮಾಡುವುದಿಲ್ಲ ಅಂತ 1988ರ ಡಿಸೆಂಬರ್ 31ರಂದು ಎರಡೂ ದೇಶ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಪ್ರತಿ ಜನವರಿ 1ಕ್ಕೆ ನಮ್ಮ ಸ್ಥಾವರಗಳ ಅಕ್ಷಾಂಶ ರೇಖಾಂಶ ಅವರಿಗೆ, ಅವರದ್ದು ನಮಗೆ. 1992ರಲ್ಲಿ ಮೊದಲ ಪಟ್ಟಿ ಹೋಯಿತು. ಕಾರ್ಗಿಲ್ ಯುದ್ಧ ಆದ ಮೇಲಿನ ಜನವರಿಯಲ್ಲೂ ಹೋಯಿತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಗಿ ಗಡಿಯಲ್ಲಿ ಸೈನ್ಯ ಎದುರುಬದುರು ನಿಂತಿದ್ದಾಗಲೂ, ಜನವರಿ 1ಕ್ಕೆ ಸರಿಯಾಗಿ ಪಟ್ಟಿ ಹೋಯಿತು. ವಿದ್ಯುತ್ ರಿಯಾಕ್ಟರುಗಳೆಲ್ಲ ಆ ಒಪ್ಪಂದದಲ್ಲಿ ಬರುತ್ತವೆ. ಹಾಗಾಗಿ ಕೈಗಾವೂ ಬಂತು.

ಇದನ್ನೂ ಮಾಸ್ತರಿಗೆ ಹೇಳಿದೆ. ಅವರ ಮಗಳ ಮನೆ ಮಲ್ಲಾಪುರದಲ್ಲಿ, ಕೈಗಾ ಟೌನ್‌ಶಿಪ್ಪಿನ ಬಗಲಲ್ಲೇ. ಮೊಮ್ಮಗನಿಗೆ ಕಳಿಸಿದ ಪಾರ್ಸೆಲ್ಲು 'ವಿಳಾಸ ಸಿಗಲಿಲ್ಲ' ಅಂತ ಎರಡು ಸಲ ವಾಪಸ್ ಬಂದಿದೆಯಂತೆ.

"ಮುಂದಿನ ಸಲ ಇಸ್ಲಾಮಾಬಾದಿನಿಂದ ಕಳಿಸೂದು ಒಳ್ಳೇದು" ಅಂದು, ಎರಡು ಚಾದ ಬಿಲ್ಲು ನನ್ನ ಕಡೆ ಸರಿಸಿದರು.