ನಾಯಿ ಮಾರಿದ ದುಡ್ಡು

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯಲ್ಲಿ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಅಂತ ಬರೆದು, ಪಕ್ಕದಲ್ಲಿ ತಲೆಕೆಳಗಾದ ಕೆಂಪು ತ್ರಿಕೋನ ಬಿಡಿಸಿರುತ್ತಿದ್ದರಲ್ಲ, ಆ ತ್ರಿಕೋನದ ಹಿಂದಿದ್ದವರು ಧರ್ಮೇಂದ್ರ ಕುಮಾರ್ ತ್ಯಾಗಿ (ದೀಪ್ ತ್ಯಾಗಿ) ಎಂಬ ಸರ್ಕಾರಿ ಅಧಿಕಾರಿ. ಅವರ ಇನಿಷಿಯಲ್ಲನ್ನು ದೇಶದೇಶಕ್ಕೆ ಹೊತ್ತು ತಿರುಗುತ್ತಿರುವುದು ನೀಲಿಚಿತ್ರ ಮಾರಿದ ದುಡ್ಡಿನಲ್ಲಿ ಬೆಳೆದ ಒಂದು ಸಂಸ್ಥೆ: ಡಿಕೆಟಿ ಇಂಟರ್‌ನ್ಯಾಷನಲ್. (ಡಿಕೆ ಎಂದಕೂಡಲೇ ಕನಕಪುರದ ಕಡೆ ನೋಡಬೇಡಿ.)

1989ರಲ್ಲಿ ಅದನ್ನು ಕಟ್ಟಿದವನು ಅಮೆರಿಕದ ಫಿಲ್ ಹಾರ್ವಿ. ಅರವತ್ತರ ದಶಕದಲ್ಲಿ ಭಾರತಕ್ಕೆ ಬಂದು, ಕೇರ್ ಎಂಬ ನೆರವು ಸಂಸ್ಥೆಯ ಪರವಾಗಿ ಶಾಲಾಮಕ್ಕಳ ಊಟದ ಉಸ್ತುವಾರಿ ನೋಡಿದ. ಬಡಿಸಿದಷ್ಟೂ ಪಂಕ್ತಿ ಉದ್ದವಾಗುತ್ತಿತ್ತು. ಸಮಸ್ಯೆ ಅಡುಗೆಮನೆಯದಲ್ಲ ಅಂತ ಹೊಳೆದದ್ದೇ, ನಾರ್ತ್ ಕ್ಯಾರೊಲಿನಾಕ್ಕೆ ಹೋಗಿ ಓದುತ್ತಲೇ ಅಂಚೆಯಲ್ಲಿ ಕಾಂಡೋಮ್ ಮಾರಲು ನಿಂತ. ಅಂಚೆಯಲ್ಲಿ ಅಶ್ಲೀಲ ಸರಕು ಕಳಿಸಬಾರದೆನ್ನುವ 1873ರ ಕಾಮ್‌ಸ್ಟಾಕ್ ಕಾಯ್ದೆಯ ಕಣ್ಣಿಗೆ ಅದೂ ಅಶ್ಲೀಲವೇ. ಮುಂದೆ ಕ್ಯಾಟಲಾಗಿಗೆ ಒಳಉಡುಪು ಬಂತು, ಸಿನಿಮಾ ಬಂತು, 'ಆಡಮ್ ಅಂಡ್ ಈವ್' ಕಂಪನಿ ಕೊಬ್ಬಿತು. ಲಾಭ ಬಡದೇಶಗಳ ಕುಟುಂಬ ಯೋಜನೆಗೆ ಹರಿಯಿತು.

ಮಡಿವಂತರಿಗೆ ಮೈಯೆಲ್ಲ ತುರಿಕೆ. 1986ರಲ್ಲಿ ಪೊಲೀಸರ ದಂಡು ಕಂಪನಿಗೆ ನುಗ್ಗಿತು. ಮರುವರ್ಷ ಅಲ್ಲಿನದೇ ಜ್ಯೂರಿ 'ತಪ್ಪೇನಿಲ್ಲ' ಅಂತ ಕಳಿಸಿಕೊಟ್ಟರೂ ಕೇಂದ್ರದ ವಕೀಲರು ವರ್ಷಗಟ್ಟಲೆ ಬೆನ್ನುಬಿಡಲಿಲ್ಲ. ಪಾಪ, ಸಾಕ್ಷ್ಯವೆಂದು ಒಂದೊಂದು ಕ್ಯಾಸೆಟ್ಟನ್ನೂ ಕೊನೆವರೆಗೆ ನೋಡಬೇಕಲ್ಲ! ದೇಶಸೇವೆ ಎಂದರೆ ಸುಮ್ಮನೆಯೇ?

ಇದಕ್ಕಿಂತ ದೊಡ್ಡ ತಮಾಷೆ ಆಮೇಲಿನದು. ಏಡ್ಸ್ ತಡೆಯಲು ಅನುದಾನ ಬೇಕಿದ್ದರೆ 'ನಾವು ವೇಶ್ಯಾವೃತ್ತಿಯ ವಿರೋಧಿಗಳು' ಎಂದು ಬರೆದುಕೊಡಿ ಅಂತ ಅಮೆರಿಕ ಸರ್ಕಾರ ಪಟ್ಟುಹಿಡಿಯಿತು. ಅಂದರೆ ಕೊಡೆ ಹಂಚುವವನು ಮೊದಲು ಮಳೆಯನ್ನು ಖಂಡಿಸಬೇಕು. ವಿಯೆಟ್ನಾಮಿನಲ್ಲಿ ಕಾಂಡೋಮ್ ಹಂಚುತ್ತಿದ್ದ ಡಿಕೆಟಿ 'ಬರೆಯಲ್ಲ' ಎಂದು ಕೋರ್ಟಿಗೆ ಹೋಯಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಸರ್ಕಾರದ ಕಡೆಗೇ ವಾಲಿತು. ಅದೇ ಷರತ್ತು ಅಮೆರಿಕದ ಸಂಸ್ಥೆಗಳ ಮಟ್ಟಿಗೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟಿಗೆ ಹೊಳೆದದ್ದು 2013ರಲ್ಲಿ, ಬೇರೆಯವರ ಕೇಸಿನಲ್ಲಿ.

ನಾಯಿ ಮಾರಿದ ದುಡ್ಡು ಬೊಗಳುತ್ತದೆಯೇ ಅಂತ ನಮ್ಮ ಹಿರಿಯರು ಎಂದೋ ಕೇಳಿಬಿಟ್ಟಿದ್ದಾರೆ. ಹಾಗಾಗಿಯೇ ನಮ್ಮಲ್ಲಿ ಅಬಕಾರಿ ಇಲಾಖೆಯೂ ಇದೆ, ಮದ್ಯಪಾನ ಸಂಯಮ ಮಂಡಳಿಯೂ ಇದೆ, ಎರಡಕ್ಕೂ ಸರ್ಕಾರ ಒಂದೇ.

ಹಾರ್ವಿ 2021ರಲ್ಲಿ ತೀರಿಕೊಂಡ. ನಮ್ಮ ಬೀದಿಯ ಮೆಡಿಕಲ್ ಶಾಪಿನವನು ಮಾತ್ರ ಈಗಲೂ ಕಾಂಡೋಮ್ ಪೊಟ್ಟಣವನ್ನು ಹಳೇ ಪೇಪರಿನಲ್ಲಿ ಸುತ್ತಿ, ಕರಿ ಕವರಿಗೆ ತುರುಕಿ, ಮುಖ ಆಚೆ ತಿರುಗಿಸಿಕೊಂಡು ಕೊಡುತ್ತಾನೆ. ಬೆಳಗಿನ ಬೋಣಿಯಾದರೆ ನೋಟನ್ನು ಕಣ್ಣಿಗೊತ್ತಿಕೊಂಡೇ ಗಲ್ಲಾಪೆಟ್ಟಿಗೆಗೆ ಹಾಕುವುದು.