ಗೀಸರ್ ಆಫ್ ಮಾಡಿದ್ಯಾ?

ನಮ್ಮನೇಲಿ ಅತಿ ಹೆಚ್ಚು ಸಲ ಆಡಿರೋ ಮಾತು ಯಾವುದು ಅಂತ ಯಾರಾದ್ರೂ ಲೆಕ್ಕ ಇಟ್ಟಿದ್ರೆ ಅದು "ಬಾಗಿಲು ಹಾಕಿದ್ಯಾ" ಅಲ್ಲ, "ನನ್ನ ಕನ್ನಡಕ ನೋಡಿದ್ರಾ" ಕೂಡ ಅಲ್ಲ, "ಗೀಸರ್ ಆಫ್ ಮಾಡಿದ್ಯಾ?" ಕೇಳೋರು ನಮ್ಮಪ್ಪ. ಬಸ್ ಹತ್ತಿ ಸೀಟಲ್ಲಿ ಕೂತ್ಮೇಲೆ ಕೇಳಿದಾರೆ, ನಡುರಾತ್ರಿ ಎಬ್ಬಿಸಿ ಕೇಳಿದಾರೆ, ಒಂದ್ಸಲ ಆಪರೇಷನ್ ಆಗಿ ಮಂಪರು ಇನ್ನೂ ಇಳಿಯದೆ ಅರ್ಧ ಕಣ್ಣು ತೆರೆದಾಗ ಮೊದಲು ಕೇಳಿದ್ದೂ ಇದನ್ನೇ, ನರ್ಸ್ ಗಾಬರಿಯಾಗಿ ನನ್ನ ಮುಖ ನೋಡಿದ್ರು, ನಾನು "ಆಫ್ ಮಾಡೇ ಬಂದಿದೀನಿ ಅಪ್ಪಾ" ಅಂದೆ, ಅವರು ನೆಮ್ಮದಿಯಾಗಿ ಮತ್ತೆ ಕಣ್ಣು ಮುಚ್ಕೊಂಡ್ರು.

ಇಂಥ ಮನೆಗೆ ನಾನು, ಅಲ್ಲಿವರೆಗೂ ಸ್ವಲ್ಪ ಬುದ್ಧಿ ಇರೋನು ಅಂತ ಹೆಸರಿದ್ದೋನು, ಯಾವತ್ತೂ ಆಫ್ ಮಾಡ್ಲೇಬಾರದ ಮಶೀನ್ ಒಂದನ್ನ ದುಡ್ಡು ಕೊಟ್ಟು ತಂದೆ.

ತರೋ ಹಾಗೆ ಮಾಡಿದ್ದು ಹಳೇ ಗೀಸರ್ರೇ. ಒಂದು ಬೆಳಗ್ಗೆ ತಳ ತೂತಾಗಿ ಬಾತ್‌ರೂಮ್ ತುಂಬ ನೀರು. ಬಿಚ್ಚೋಕೆ ಬಂದ ಪ್ಲಂಬರ್ ಒಳಗಿಂದ ಒಂದು ಸಣಕಲು ತಂತಿ ಎಳೆದು ತೋರಿಸಿ "ಸಾರ್ ಇದನ್ನ ಯಾವಾಗ ಚೇಂಜ್ ಮಾಡಿದ್ರಿ" ಅಂದ. ಏನದು ಅಂದೆ. ಆನೋಡ್ ರಾಡ್ ಅಂತೆ, ಮೆಗ್ನೀಸಿಯಂ ಕಡ್ಡಿ, ಟ್ಯಾಂಕಿಗೆ ಬರೋ ತುಕ್ಕನ್ನ ತಾನೇ ಮೈಮೇಲೆ ಎಳ್ಕೊಂಡು ಸವೆದುಹೋಗೋಕೇ ಅಂತ ಒಳಗೆ ಇಟ್ಟಿರ್ತಾರಂತೆ, ಕೆಲವು ವರ್ಷಕ್ಕೊಮ್ಮೆ ಹೊಸದು ಹಾಕಬೇಕಂತೆ. ಅಷ್ಟು ವರ್ಷ ನಮಗೋಸ್ಕರ ಜೀವ ತೇದವನೊಬ್ಬ ಮನೆ ಒಳಗೇ ಇದ್ದ, ಅವನ ಹೆಸರು ಗೊತ್ತಾಗಿದ್ದೇ ತೀರಿಕೊಂಡ ಮೇಲೆ.

ಸರಿ, ಹೊಸದು ತಗೊಳ್ಳೋದೇ ಆದ್ರೆ ಕರೆಂಟ್ ಉಳಿಸೋದನ್ನೇ ತಗೊಳ್ಳೋಣ ಅಂತ ಶುರು ಮಾಡಿದೆ. ಮೊದಲು ನೋಡಿದ್ದು ಸೋಲಾರ್. ಅದೇನು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ ಬಿಡಿ, ಅಮೆರಿಕದ ಕ್ಲಾರೆನ್ಸ್ ಕೆಂಪ್ ಅನ್ನೋರು 1891ರಲ್ಲೇ ಪೇಟೆಂಟ್ ತಗೊಂಡು ಮಾರಿದ್ರು. ಆದ್ರೆ ನಮ್ಮ ಸೂರಿನ ಮೇಲೆ ಪಕ್ಕದ ಮರದ ನೆರಳು ಬೆಳಗ್ಗೆ ಒಂದು ಕಡೆಯಿಂದ ಬಿದ್ರೆ ಮಧ್ಯಾಹ್ನ ಇನ್ನೊಂದು ಕಡೆಯಿಂದ ಬೀಳುತ್ತೆ. ಮರ ಕಡಿದು ಪರಿಸರ ಉಳಿಸೋದು ಯಾಕೋ ಸರಿಬರಲಿಲ್ಲ. ಹಾಗಾಗಿ ಹೀಟ್ ಪಂಪ್.

ಮನೆಯೋರನ್ನ ಕೂರಿಸ್ಕೊಂಡು ವಿವರಿಸಿದೆ. ನೋಡಿ, ಇದು ಫ್ರಿಜ್ ಇದ್ದ ಹಾಗೆ, ಆದ್ರೆ ಉಲ್ಟಾ. ಫ್ರಿಜ್ ಒಳಗಿನ ಬಿಸಿ ಎಳೆದು ಹಿಂದುಗಡೆ ಬಿಡುತ್ತಲ್ಲ, ಇದು ಹೊರಗಿನ ಗಾಳಿಯಿಂದ ಬಿಸಿ ಎಳೆದು ನೀರಿಗೆ ಹಾಕುತ್ತೆ. 200 ಲೀಟರ್ ನೀರನ್ನ 20 ಡಿಗ್ರಿಯಿಂದ 60ಕ್ಕೆ ತರೋಕೆ ಗೀಸರ್‌ಗೆ 9 ಯೂನಿಟ್ ಮೇಲೆ ಬೇಕು, ಅದರಲ್ಲಿ ತಪ್ಪಿಸ್ಕೊಳ್ಳೋ ಹಾಗೇ ಇಲ್ಲ, ಲೆಕ್ಕ ಅದು. ಇದಕ್ಕೆ 3 ಯೂನಿಟ್ ಆಸುಪಾಸು ಸಾಕು, ಉಳಿದಿದ್ದು ಗಾಳಿಯಿಂದ ಪುಕ್ಕಟೆ. ಐಡಿಯಾ ಹಳೇದೇ, ಲಾರ್ಡ್ ಕೆಲ್ವಿನ್ 1852ರಲ್ಲೇ ಹೇಳಿದಾರೆ, ಅಂತ ಒಂದು ಕೊಸರು ಕೂಡ ಹಾಕಿದೆ. ಎಲ್ಲರೂ ಸುಮ್ನೆ ಕೂತಿದ್ರು. ಅಪ್ಪ ಮಾತ್ರ "ಚಳಿಗಾಲದಲ್ಲೂ ಗಾಳೀಲಿ ಬಿಸಿ ಇದ್ಯಾ?" ಅಂದ್ರು. ಇದೆ ಅಪ್ಪಾ ಅಂದೆ. "ಹಂಗಾದ್ರೆ ನಾನ್ಯಾಕೆ ಸ್ವೆಟರ್ ಹಾಕ್ತಿದೀನಿ?" ಅಂದ್ರು. ಕೆಲ್ವಿನ್ ಇದ್ದಿದ್ರೂ ತಡವರಿಸ್ತಿದ್ರು ಅನ್ಸುತ್ತೆ.

ಮಶೀನ್ ಬಂತು, ಹಿತ್ತಲಲ್ಲಿ ನಿಂತ್ಕೊಳ್ತು, ನನಗಿಂತ ಒಂದು ಗೇಣು ಎತ್ತರ. ಮಾರನೇ ದಿನ ಬೆಳಗ್ಗೆ ಹೋಗಿ ನೋಡ್ತೀನಿ, ತೊಟ್ ತೊಟ್ ಅಂತ ನೀರು ತೊಟ್ಟಿಕ್ಕುತ್ತಿದೆ. ಎದೆ ಧಸಕ್ ಅಂತು. ಹಾಕಿ ಇನ್ನೂ ಒಂದು ದಿನ ಆಗಿಲ್ಲ. ಬಕೆಟ್ ಇಟ್ಟು, ಫೋಟೋ ತೆಗೆದು, ವಿಡಿಯೋ ಮಾಡಿ, ಫಿಟ್ ಮಾಡಿದ್ದ ಹುಡುಗನಿಗೆ ಫೋನ್ ಮಾಡಿ ನನಗೆ ಬರೋ ಅಷ್ಟೂ ಖಾರವಾಗಿ ಮಾತಾಡಿದೆ. ಅವನು ಬಂದು ನೋಡಿ ತಣ್ಣಗೆ ಹೇಳಿದ, "ಸಾರ್ ಇದು ಸೋರ್ತಿಲ್ಲ, ಬೆವರ್ತಿದೆ." ಗಾಳಿಯಿಂದ ಬಿಸಿ ಎಳೆದ್ಮೇಲೆ ಗಾಳಿ ತಣ್ಣಗಾಗಿ ಅದರಲ್ಲಿರೋ ತೇವ ನೀರಾಗಿ ಇಳಿಯುತ್ತಂತೆ, ಪೈಪ್ ಇರೋದೇ ಅದಕ್ಕಂತೆ. ನಾನು ಬಕೆಟ್ ತೆಗೆದೆ. ಮೂರನೇ ದಿನ ಇನ್ನೊಂದು ಪೈಪಲ್ಲಿ ನೀರು. ಈ ಸಲ ಜಾಣನಾಗಿ, ಇದೂ ಬೆವರು ಅಲ್ವಾ ಅಂತ ಫೋನಲ್ಲಿ ಕೇಳಿದೆ. "ಇಲ್ಲ ಸಾರ್ ಅದು ವಾಲ್ವ್, ನೀರು ಕಾದ್ರೆ ಹಿಗ್ಗುತ್ತಲ್ಲ, 200 ಲೀಟರ್‌ಗೆ ಮೂರು ಲೀಟರ್ ಹತ್ರ ಹೆಚ್ಚಾಗುತ್ತೆ, ಅದು ಹೊರಗೆ ಬರ್ಲೇಬೇಕು, ಬರ್ದೇ ಇದ್ರೆ ಫೋನ್ ಮಾಡಿ." ಸೋರದೇ ಇದ್ರೆ ಕಂಪ್ಲೇಂಟ್ ಕೊಡಬೇಕಾದ ವಸ್ತುವನ್ನ ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಟವೆಲ್ ಪ್ರಕರಣ. ಇದು ಪೂರ್ತಿ ನನ್ನದೇ ತಲೆ. ಏಸಿಯ ಹೊರಗಿನ ಡಬ್ಬದಿಂದ ಬಿಸಿ ಗಾಳಿ ಬರೋದು ಗೊತ್ತಲ್ಲ, ಇದರಲ್ಲೂ ಅಂಥದ್ದೇ ಫ್ಯಾನ್ ಇದೆ, ಸುಮ್ನೆ ಯಾಕೆ ವೇಸ್ಟ್ ಮಾಡೋದು ಅಂತ ಅದರ ಮುಂದೆ ಹಗ್ಗ ಕಟ್ಟಿ ಒದ್ದೆ ಟವೆಲ್‌ಗಳನ್ನ ಸಾಲಾಗಿ ನೇತುಹಾಕಿದೆ. ಫ್ರಿಜ್ ಉಲ್ಟಾ ಅಂತ ಇಡೀ ಮನೆಗೆ ಪಾಠ ಮಾಡಿದ್ದೋನು ನಾನೇ, ಆದ್ರೆ ಪಾಠ ಮಾಡಿದೋರು ಕಲೀಬೇಕು ಅಂತ ಎಲ್ಲೂ ರೂಲ್ ಇಲ್ವಲ್ಲ. ಸಂಜೆ ಟವೆಲ್ ಮುಟ್ಟಿದ್ರೆ ಮಂಜಿನ ಥರ ತಣ್ಣಗೆ, ಬೆಳಗ್ಗೆಗಿಂತ ಒದ್ದೆ. ಗಾಳಿ ಹೋಗೋಕೆ ಜಾಗ ಇಲ್ದೆ ಮಶೀನ್ ಕೂಡ ಏನೋ ಕೋಡ್ ತೋರಿಸಿ ನಿಂತುಬಿಟ್ಟಿತ್ತು. ಹೆಂಡತಿ ಬಂದು ಟವೆಲ್ ನೋಡಿದ್ಲು, ಕೋಡ್ ನೋಡಿದ್ಲು, ನನ್ನ ನೋಡಿದ್ಲು. "ರೀ, ಇದಕ್ಕೂ ಲಾರ್ಡ್ ಯಾರೋ ಹೇಳಿದಾರಾ?" ಅಂದ್ಲು.

ಇವೆಲ್ಲ ಚಿಲ್ಲರೆ. ನಿಜವಾದ ಯುದ್ಧ ನಡೆದಿದ್ದು ಸ್ವಿಚ್ ಬೋರ್ಡ್ ಹತ್ರ.

ಹೀಟ್ ಪಂಪ್ ನಿಧಾನದ ಪ್ರಾಣಿ. ಗೀಸರ್ ಥರ ಹಲ್ಲುಜ್ಜೋ ಅಷ್ಟರಲ್ಲಿ ಕಾಯಿಸಿ ಕೊಡಲ್ಲ, ಟ್ಯಾಂಕ್ ಪೂರ್ತಿ ಕಾಯೋಕೆ ಮೂರ್ನಾಲ್ಕು ಗಂಟೆ. ಹೊರಗೆ ಗಾಳಿ ಬೆಚ್ಚಗಿದ್ದಷ್ಟೂ ಅದಕ್ಕೆ ಕೆಲಸ ಸುಲಭ, ಅದಕ್ಕೆ ನಾನು ಟೈಮರ್ ಅನ್ನ ಬೆಳಗ್ಗೆ 11ರಿಂದ ಸಂಜೆ 4ಕ್ಕೆ ಇಟ್ಟೆ. ಅಂದ್ರೆ ಯಾರೂ ಸ್ನಾನ ಮಾಡದ ಹೊತ್ತಲ್ಲಿ ನೀರು ಕಾಯುತ್ತೆ. ಅಪ್ಪನ ಕಣ್ಣಿಗೆ ಇದು ಹೇಗೆ ಕಂಡಿರಬೇಕು ಯೋಚಿಸಿ. ಜೀವಮಾನ ಪೂರ್ತಿ ಕಾವಲು ಕಾದ ಮನುಷ್ಯ, ಮಟಮಟ ಮಧ್ಯಾಹ್ನ ಹಿತ್ತಲಿಗೆ ಬರ್ತಾರೆ, ಬಾತ್‌ರೂಮಲ್ಲಿ ಯಾರೂ ಇಲ್ಲ, ಮಶೀನ್ ಗುಂಯ್ ಅಂತಿದೆ, ಕೆಂಪು ದೀಪ ಉರೀತಿದೆ. ಅವರು ಸ್ವಿಚ್ ಆಫ್ ಮಾಡಿದ್ರು. ನಾನಾಗಿದ್ರೂ ಮಾಡ್ತಿದ್ದೆ.

ನಾನು ಆಫೀಸಿಂದ ಫೋನ್ ಮಾಡಿ ಬೇಡ್ಕೊಂಡ ಮೇಲೆ ಮಧ್ಯಾಹ್ನ ಒಂದಕ್ಕೆ ಮತ್ತೆ ಆನ್ ಮಾಡಿದ್ರು. ನಮಗ್ಯಾರಿಗೂ ಗೊತ್ತಿಲ್ಲದ ವಿಷಯ ಏನಂದ್ರೆ ಆ ಮಶೀನ್‌ಗೆ ಕರೆಂಟ್ ಹೋದ್ರೆ ನೆನಪೂ ಹೋಗುತ್ತೆ, ವಾಪಸ್ ಬಂದಾಗ ಅದರ ಗಡಿಯಾರ ರಾತ್ರಿ 12ರಿಂದ ಹೊಸದಾಗಿ ಶುರು. ಅಂದ್ರೆ ನಮ್ಮ ಮಧ್ಯಾಹ್ನ ಒಂದು ಅದಕ್ಕೆ ನಡುರಾತ್ರಿ, ಅದಕ್ಕೆ ಬೆಳಗ್ಗೆ 11 ಆಗೋ ಹೊತ್ತಿಗೆ ನಮಗೆ ಸರಿಯಾಗಿ ರಾತ್ರಿ 12. ಬಡಾವಣೆ ಪೂರ್ತಿ ಮಲಗಿರುವಾಗ ಇದು ಎದ್ದು ಮೈಮುರಿದು ಡ್ಯೂಟಿಗೆ ಹಾಜರಾಗಿದೆ. ಶಬ್ದ ಹೆಚ್ಚೇನಲ್ಲ, ದೊಡ್ಡ ಫ್ರಿಜ್ಜಿನ ಅಷ್ಟು, ಆದ್ರೆ ಅದು ನಿಂತಿರೋದು ಪಕ್ಕದ್ಮನೆ ಅಂಕಲ್ ಮಲಗೋ ರೂಮಿನ ಕಿಟಕಿಗೆ ನೇರವಾಗಿ. ನಾಲ್ಕು ರಾತ್ರಿ ಸಹಿಸ್ಕೊಂಡು ಐದನೇ ದಿನ ಬೆಳಗ್ಗೆ ಗೇಟ್ ಹತ್ರ ಬಂದು, ತುಂಬ ಸಂಕೋಚದಿಂದ, "ತಪ್ಪು ತಿಳ್ಕೋಬೇಡಿ, ರಾತ್ರಿ ಹೊತ್ತು ಮನೇಲಿ ಏನಾದ್ರೂ ಪ್ರಿಂಟ್ ಮಾಡ್ತೀರಾ?" ಅಂದ್ರು. ನೋಟು ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದಸ್ಥರು.

ಗಡಿಯಾರ ಸರಿ ಮಾಡಿದೆ, ಸ್ವಿಚ್ ಮೇಲೆ "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದೆ. ಅಪ್ಪ ಚೀಟಿ ಓದೋಕೆ ಅಂತ ಹತ್ರ ಹೋದೋರು ಹೇಗೂ ಬಂದಿದೀನಿ ಅಂತ ಆಫ್ ಮಾಡಿ ಬಂದ್ರು. ಕೊನೆಗೆ ಸ್ವಿಚ್ಚಿಗೆ ಒಂದು ಪ್ಲಾಸ್ಟಿಕ್ ಡಬ್ಬ ಹೊದಿಸಿ ಬೀಗ ಹಾಕಿದೆ, ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇಷ್ಟೆಲ್ಲ ಆದ್ಮೇಲೆ ಎರಡು ತಿಂಗಳ ಬಿಲ್ ನೋಡಿದ್ರೆ ಮೊದಲ ತಿಂಗಳು ಚೆನ್ನಾಗೇ ಇಳಿದಿತ್ತು, ಎರಡನೇ ತಿಂಗಳು ಗೀಸರ್ ಕಾಲದ ಮಟ್ಟಕ್ಕೆ ವಾಪಸ್. ನನಗೆ ಸಿಟ್ಟು ನೆತ್ತಿಗೇರ್ತು. ಎಲ್ಲರನ್ನೂ ಕರೆದು ವಿಚಾರಣೆ ಮಾಡಿದೆ. ಮಗಳು ಎಷ್ಟು ಹೊತ್ತು ಶವರ್ ಕೆಳಗೆ ನಿಲ್ತಾಳೆ ಅಂತ ಬಾಗಿಲ ಹೊರಗೆ ಗಡಿಯಾರ ಹಿಡ್ಕೊಂಡು ನಿಂತೆ (ಇದರ ಬಗ್ಗೆ ಹೆಚ್ಚು ಹೇಳಲ್ಲ, ಅವಳು ಇನ್ನೂ ಕ್ಷಮಿಸಿಲ್ಲ). ಉಳಿತಾಯ ಅಂತ ಟ್ಯಾಂಕಿನ ಟೆಂಪರೇಚರ್ 45ಕ್ಕೆ ಇಳಿಸಿದೆ, ಅದಕ್ಕೆ ಆ ಹುಡುಗನ ಹತ್ರ ಬೈಸ್ಕೊಂಡೆ. 20ರಿಂದ 45 ಡಿಗ್ರಿ ನೀರಲ್ಲಿ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತೆ, ಶ್ವಾಸಕೋಶಕ್ಕೆ ಬರುತ್ತೆ, ಟ್ಯಾಂಕಲ್ಲಿ 60 ಇರ್ಲೇಬೇಕು, ನಲ್ಲಿ ಹತ್ರ ಬೇಕಾದ್ರೆ ತಣ್ಣೀರು ಬೆರೆಸ್ಕೊಳ್ಳಿ ಅಂದ. ಹಾಗೇ ಪ್ಯಾನೆಲ್ ಮೇಲೆ ಬೆರಳಿಟ್ಟು "ಸಾರ್, ಈ ಬೂಸ್ಟ್ ಯಾರು ಹಾಕಿದ್ದು?" ಅಂದ.

ಬೂಸ್ಟ್ ಅಂದ್ರೆ ಅರ್ಜೆಂಟಿಗೆ ಅಂತ ಒಳಗಿರೋ ಕಾಯಿಲ್. ಅದನ್ನ ಒತ್ತಿದ್ರೆ ನಮ್ಮ ಹೀಟ್ ಪಂಪ್ ಸುಮ್ನೆ ಒಂದು ದೊಡ್ಡ ಗೀಸರ್. ಹಿಂದಿನ ತಿಂಗಳು ಒಂದೇ ಸಲ ಏಳು ಜನ ನೆಂಟರು ಬಂದಿದ್ರು, ನಾಲ್ಕನೆಯವರು ತಲೆಗೆ ಸೋಪು ಹಾಕ್ಕೊಂಡ ಹೊತ್ತಿಗೆ ಬಿಸಿನೀರು ಖಾಲಿಯಾಗಿ ಒಳಗಿಂದ ಕೂಗಿದ್ರು, ಆಗ ಯಾರೋ ಒಬ್ರು ಹಿತ್ತಲಿಗೆ ಓಡಿ ಬೂಸ್ಟ್ ಒತ್ತಿದ್ರು, ಆಮೇಲೆ ತೆಗೆಯೋದನ್ನ ಮರೆತ್ರು. ಆ ಯಾರೋ ಒಬ್ರು ಯಾರು ಅಂತ ಎಲ್ಲರಿಗೂ ನೆನಪಿತ್ತು, ಯಾಕಂದ್ರೆ ಓಡೋ ರಭಸಕ್ಕೆ ಅವರು ಟವೆಲ್ ಹಗ್ಗಕ್ಕೆ ಕುತ್ತಿಗೆ ಸಿಕ್ಕಿಸ್ಕೊಂಡು ಬಿದ್ದಿದ್ರು. ಹಗ್ಗ ಕಟ್ಟಿದ್ದೂ ಅವರೇ.

ಅಪ್ಪ ಏನೂ ಅನ್ನಲಿಲ್ಲ. ಸಂಜೆ ಮಾತ್ರ ಪೇಪರ್ ಮಡಚಿಡ್ತಾ, ಗಾಳಿಗೆ ಹೇಳೋ ಹಾಗೆ, "ಬೂಸ್ಟ್ ಆಫ್ ಮಾಡಿದ್ಯಾ?" ಅಂದ್ರು. ಮಾರನೇ ದಿನ ನಾನೇ ಹೋಗಿ ಸ್ವಿಚ್ಚಿನ ಬೀಗ ತೆಗೆದು ಬೀಗದ ಕೈ ಅವರ ಕೈಗೆ ಕೊಟ್ಟೆ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ರಜೆ ಅಂತ ಮನೇಲಿದ್ದೆ, ಅಪ್ಪ ಎಲ್ಲೂ ಕಾಣಲಿಲ್ಲ. ಹುಡುಕ್ತಾ ಹಿತ್ತಲಿಗೆ ಬಂದ್ರೆ ಅವರ ಒರಗು ಕುರ್ಚಿ ಹೀಟ್ ಪಂಪ್ ಫ್ಯಾನಿನ ಮುಂದೆ, ತೀರಾ ಅಡ್ಡ ಆಗದ ಹಾಗೆ ಅಳೆದು ಇಟ್ಟ ದೂರದಲ್ಲಿ. ತಣ್ಣನೆ ಗಾಳಿ ಮುಖಕ್ಕೆ ಬೀಸ್ತಿದೆ, ಪೇಪರ್ ಎದೆ ಮೇಲೆ, ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ, ಅದರಲ್ಲಿ ಪಕ್ಕದ್ಮನೆ ಅಂಕಲ್. ಇಬ್ರೂ ಗೊರಕೆ. ಆಗ ಮಶೀನಿನ ಶಬ್ದ ಕೇಳ್ತಾನೇ ಇರಲಿಲ್ಲ.

ಎರಡೂವರೆ ಹೊತ್ತಿಗೆ ನೀರು 60 ಮುಟ್ಟಿ ಫ್ಯಾನ್ ನಿಂತುಹೋಯ್ತು. ಐದು ನಿಮಿಷ ಆಗಿರಬೇಕು, ಹಿತ್ತಲಿಂದ ಕೂಗು, "ಯಾರಾದ್ರೂ ಸ್ನಾನಕ್ಕೆ ಹೋಗ್ರೋ, ಇಲ್ಲಿ ಗಾಳಿ ನಿಂತುಬಿಡ್ತು!" ಮಗಳು ಹೋಗಲ್ಲ ಅಂದ್ಲು, ಹೆಂಡತಿ ನನ್ನ ಮುಖ ನೋಡಿದ್ಲು. ಸರಿ, ಕಾಗೆ ಕೂಡ ಕೂಗದ ಆ ರಣಬಿಸಿಲಲ್ಲಿ ನಾನು ಹೋಗಿ ದಿನದ ಎರಡನೇ ಸ್ನಾನಕ್ಕೆ ಬಿಸಿನೀರು ಬಿಟ್ಕೊಂಡು ನಿಂತೆ, ನೀರು ಸುರಿಯುತ್ತಿದೆಯೋ ಬೆವರು ಸುರಿಯುತ್ತಿದೆಯೋ ಗೊತ್ತಾಗ್ತಿಲ್ಲ, ಅಷ್ಟರಲ್ಲಿ ಕಿಟಕಿ ಹೊರಗಿಂದ ಅಪ್ಪನ ದನಿ.

"ಲೋ, ಇನ್ನೂ ಶುರುವಾಗಿಲ್ಲ. ಅದು ಆನ್ ಇದ್ಯೇನೋ?"